ಯಾರೂ ಇಲ್ಲದ ಆಟ

ಮೊನ್ನೆ ಸಂಜೆ ಆಫೀಸಿನಿಂದ ಬಂದಾಗ ನಮ್ಮ ಬೀದಿಯ ಚರಂಡಿಯುದ್ದಕ್ಕೂ ಸುಣ್ಣದ ಪುಡಿಗೆ ಬ್ಲೀಚಿಂಗ್ ಪೌಡರ್ ಬೆರೆಸಿ ಚೆಲ್ಲಿ ಹೋಗಿದ್ದರು. ನಮ್ಮ ಗೇಟಿನ ಮುಂದೆಯೂ ಒಂದು ಬೊಗಸೆ ಬಿದ್ದಿತ್ತು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನನ್ನ ಕಾಲು ತಾನಾಗಿಯೇ ನಿಂತುಬಿಟ್ಟಿತು. ನಾನೇ ಬಾಡಿಗೆಗೆ ಹಿಡಿದ ಮನೆ, ನನ್ನ ಕೈಯಲ್ಲೇ ಬೀಗದ ಕೈ. ಆದರೂ ಒಳಗೆ ಹೋಗಲೋ ಬೇಡವೋ ಎಂದು ಚಪ್ಪಲಿ ಬಿಟ್ಟು ಬೀದಿಯಲ್ಲಿ ನಿಂತಿದ್ದೆ. ಎದುರು ಮನೆಯಾಕೆ "ಏನಮ್ಮ, ಬೀಗದ ಕೈ ಮರ್ತ್ ಬಂದ್ಯಾ?" ಎಂದು ಕೇಳಿದಾಗಲೇ ನನಗೆ ಎಚ್ಚರವಾದದ್ದು.

ಶಿಡ್ಲಘಟ್ಟದ ಕಡೆ ರೇಷ್ಮೆ ಹುಳದ ನಡುವೆ ಬೆಳೆದವರ ಅಭ್ಯಾಸ ಇದು. ಹುಳ ಸಾಕುವ ಮನೆಯ ಹೊಸ್ತಿಲಿಗೆ ಸುಣ್ಣ ಹಾಕಿದ್ದಾರೆಂದರೆ ಹೊರಗಿನವರು ಒಳಗೆ ಕಾಲಿಡುವಂತಿಲ್ಲ. ಊರೆಲ್ಲ ಸುತ್ತಿ ಬಂದ ಕಾಲಿನಿಂದ ಹುಳಕ್ಕೆ ರೋಗ ತಗುಲಿದರೆ ಬೆಳೆಯೇ ಹೋಯಿತು. ಸ್ವಂತ ಮಾವನೇ ಬಂದರೂ ಅಂಗಳದಲ್ಲಿ ನಿಂತು ಮಾತಾಡಿಸಿ ಹೋಗಬೇಕು. ಅದಕ್ಕೆ ಯಾರೂ ಮುನಿಸಿಕೊಳ್ಳುವುದಿಲ್ಲ, ನಮ್ಮ ಮನೆಯಲ್ಲೂ ಹಾಗೆಯೇ ಇತ್ತು. ಆ ಸಂಜೆ ಟೀ ಮಾಡಿಕೊಂಡು ಒಬ್ಬಳೇ ಕೂತಾಗ ನೆನಪಾದವರು ಮಾತ್ರ ನಮ್ಮ ಮನೆಯವರಲ್ಲ. ನಮ್ಮ ಕಂಪ್ಯೂಟರ್ ಸರ್...

ಎರಡು ಸಾವಿರದ ಐದೋ ಆರೋ ಇಸವಿ ಇರಬೇಕು. ಮೊಬೈಲಿನ ಪರದೆಗೆ ಬಣ್ಣ ಬಂದ ಹೊಸತು. ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನ ಹತ್ತಿರ ಟೈಲರ್ ಅಂಗಡಿಯೊಂದರ ಮೇಲೆ ಸರ್ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದರು. ಹೊಟ್ಟೆ ದಪ್ಪನೆಯ ಹಳೇ ಮಾನಿಟರುಗಳು; ಅವುಗಳಲ್ಲಿ ಒಂದೆರಡು ಯಾವಾಗಲೂ ಮುಷ್ಕರ ಹೂಡಿರುತ್ತಿದ್ದವು. ಡಿಗ್ರಿ ಮುಗಿಸಿದ ನಾನು ಟ್ಯಾಲಿ ಕಲಿಯಲು ಹೋಗಿ, ಕಲಿತಾದ ಮೇಲೆ ಅಲ್ಲೇ ಹೊಸಬರಿಗೆ ಟೈಪಿಂಗ್ ಹೇಳಿಕೊಡುತ್ತ ಉಳಿದುಕೊಂಡೆ. ಸರ್‌ಗೆ ಆಗ ನಲವತ್ತರ ಆಸುಪಾಸು. ಮದುವೆ ಆಗಿರಲಿಲ್ಲ. ಎಂಥ ಬಿಸಿಲಿದ್ದರೂ ತುಂಬು ತೋಳಿನ ಅಂಗಿಯ ಮುಂಗೈ ಗುಂಡಿ ಹಾಕಿಕೊಂಡೇ ಇರುತ್ತಿದ್ದರು. ಮಧ್ಯಾಹ್ನ ಗೋಡೆಗೆ ಮುಖ ಮಾಡಿ ಕೂತು ಡಬ್ಬಿ ಊಟ ಮಾಡುತ್ತಿದ್ದರು. ಜಂಬದ ಮನುಷ್ಯ ಎಂದು ಕೆಳಗಿನ ಟೈಲರ್ ಹೇಳುತ್ತಿದ್ದ, ನಾನೂ ನಂಬಿದ್ದೆ. ಜಂಬವೂ ಇಲ್ಲ ಗಿಂಬವೂ ಇಲ್ಲ, ಅವರಿಗೆ ಮಾತು ಶುರು ಮಾಡುವುದೇ ಬರುತ್ತಿರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಆ ಸರ್ ಒಂದು ವಿಡಿಯೋ ಗೇಮ್ ಮಾಡಿದ್ದರು! ಯಾವ ಕಂಪನಿಯೂ ಇಲ್ಲ, ಜೊತೆಗಾರರೂ ಇಲ್ಲ. ಚಿತ್ರ ಬಿಡಿಸಿದವರೂ ಅವರೇ, ಪ್ರೋಗ್ರಾಮ್ ಬರೆದವರೂ ಅವರೇ, ನಾಯಿ ಬೊಗಳುವ ಸದ್ದನ್ನು ರೆಕಾರ್ಡ್ ಮಾಡಿಕೊಂಡು ಬಂದವರೂ ಅವರೇ. ಪ್ರಳಯ ಆಗಿಹೋದ ಮೇಲಿನ ಕಥೆ ಅದು. ಆಡುವವನು ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನಲ್ಲಿ ಕಣ್ಣು ಬಿಡುತ್ತಾನೆ, ಊರಿನಲ್ಲಿ ನರಪಿಳ್ಳೆಯೂ ಇಲ್ಲ. ಡ್ರೈವರೋ ನರ್ಸೋ ನೂಲು ತೆಗೆಯುವವನೋ, ಯಾವ ಪಾತ್ರ ಬೇಕೋ ಅದನ್ನು ಆರಿಸಿಕೊಂಡು, ನೀರು ಅನ್ನ ಹುಡುಕಿಕೊಳ್ಳುತ್ತ ದಿಬ್ಬೂರಹಳ್ಳಿ ಸುತ್ತಿಕೊಂಡು ಚಿಂತಾಮಣಿಯವರೆಗೆ ನಡೆಯಬೇಕು. ಪರದೆಯ ಮೂಲೆಯಲ್ಲಿ ಮೂರು ಪಟ್ಟಿಗಳು. ಒಂದು ಹಸಿವಿನದು, ಒಂದು ಬಾಯಾರಿಕೆಯದು. ಮೂರನೆಯದು ಏನೆಂದು ಸರ್ ಯಾರಿಗೂ ಹೇಳಿರಲಿಲ್ಲ. ಅದು ಇಳಿಯುತ್ತಲೇ ಇರುತ್ತಿತ್ತು. ಪೂರ್ತಿ ಇಳಿದಾಗ ಆಡುವವನ ಆಳು ರಸ್ತೆ ಮಧ್ಯೆ ಕೂತುಬಿಡುತ್ತಿದ್ದ, ಎಷ್ಟು ಒತ್ತಿದರೂ ಏಳುತ್ತಿರಲಿಲ್ಲ.

ಕ್ಲಾಸಿಗೆ ಬಂದವರೆಲ್ಲ ಅದನ್ನು ಪುಕ್ಕಟೆ ಆಡಬಹುದಿತ್ತು. ಆಡಿದ ಮೇಲೆ ಹೇಗಿತ್ತೆಂದು ಬಾಯಿಬಿಟ್ಟು ಹೇಳಬೇಕು, ಹೇಳಿದವರಿಗೆ ಟೀ. ಕೇಳುವ ಕೆಲಸ ನನ್ನದು. "ನೀನೇ ಕೇಳಮ್ಮ, ನನ್ನ ಮುಂದೆ ಮುಲಾಜಿಗೆ ಚೆನ್ನಾಗಿದೆ ಅಂದುಬಿಡ್ತಾರೆ" ಎಂದು ಹೇಳಿ ಸರ್ ಮೂಲೆಗೆ ಕಟ್ಟಿದ್ದ ಬಟ್ಟೆ ಪರದೆಯ ಆಚೆ ಹೋಗಿ ಕೂರುತ್ತಿದ್ದರು. ಅವರು ಹೆದರಬೇಕಾಗಿರಲಿಲ್ಲ. ನಮ್ಮೂರವರಿಗೆ ಮುಲಾಜು ಎಂಬುದು ಮದುವೆ ಮನೆಗೆ ಮಾತ್ರ.

"ಗನ್ ಇಲ್ಲ, ಬಾಂಬ್ ಇಲ್ಲ, ಇದೆಂಥ ಗೇಮು?" ಎಂದು ಕಾಲೇಜು ಹುಡುಗರು ಕೇಳಿದರು. "ನೀರ್ ಹುಡ್ಕೋಕೆ ಕಂಪ್ಯೂಟರ್ ಯಾಕ್ರೀ ಬೇಕು, ನಮ್ಮನೇಲಿ ದಿನಾ ಅದೇ ಆಟ" ಎಂದು ಟ್ಯಾಲಿ ಕ್ಲಾಸಿನ ಗೃಹಿಣಿಯೊಬ್ಬರು ಹೇಳಿ ಎರಡು ಟೀ ಕುಡಿದು ಹೋದರು. ರೇಷನ್ ಅಂಗಡಿ ಖಾಲಿ ಇರುವುದು ಮಾತ್ರ ನಿಜದಂತೆಯೇ ಇದೆ ಎಂದು ಒಬ್ಬರು ಮೆಚ್ಚಿಕೊಂಡರು. ಮೂರನೇ ಪಟ್ಟಿ ಕೆಟ್ಟಿದೆ, ಏನು ತಿಂದರೂ ಏರುವುದಿಲ್ಲ ಎಂಬ ದೂರು ಎಲ್ಲರದೂ ಇತ್ತು. ಚಿಂತಾಮಣಿ ಕಡೆಯ ಹುಡುಗನೊಬ್ಬ ಎದ್ದು ಬಂದು "ಎವರೂ ಲೇರಕ್ಕಾ... ಯಾರೂ ಇಲ್ಲ, ಒಂದು ದೆವ್ವಾನಾದ್ರೂ ಇಡೋಕ್ ಹೇಳಿ ಸರ್‌ಗೆ, ಒಬ್ನೇ ತಿರುಗಿ ತಿರುಗಿ ಅಳು ಬರ್ತೈತೆ" ಎಂದ. ಎಲ್ಲರೂ ಕೊನೆಗೆ ಹೇಳುತ್ತಿದ್ದುದು ಅದನ್ನೇ. ಈ ಆಟದಲ್ಲಿ ಯಾರೂ ಇಲ್ಲ.

ಆಗ ಪರದೆಯ ಆಚೆಯಿಂದ ಸರ್ ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದರು. "ದಿಬ್ಬೂರಹಳ್ಳಿ ದಾಟಿದ ಮೇಲೆ ಒಂದು ಹಂಚಿನ ಮನೆ ಸಿಗುತ್ತಲ್ಲ, ಅಲ್ಲಿಗೆ ಹೋದ್ರಾ?"

"ಹೋಗಿದ್ವಿ ಸರ್. ಬಾಗ್ಲಲ್ಲಿ ಸುಣ್ಣ ಹಾಕಿತ್ತು. ಹುಳ ಐತೆ ಅಂತ ವಾಪಸ್ ಬಂದ್ವಿ."

"ಸರಿ" ಎನ್ನುತ್ತಿದ್ದರು ಸರ್. ಅಷ್ಟೇ. ನಾನೂ ಆಡುವಾಗ ಅದೇ ಬಾಗಿಲವರೆಗೆ ಹೋಗಿ, ಬಿಳಿ ಪಟ್ಟೆ ನೋಡಿ, ಏನೂ ಯೋಚಿಸದೆ ಹಿಂತಿರುಗಿದ್ದೆ. ಪ್ರಪಂಚವೇ ಮುಳುಗಿಹೋಗಿದೆ, ಹುಳಕ್ಕೆ ರೋಗ ತಗುಲಿದರೆ ಯಾರಿಗೇನು? ಆದರೆ ನಮ್ಮ ಕಡೆಯ ಕಾಲಿಗೆ ಪ್ರಳಯ ಗಿಳಯ ಅರ್ಥವಾಗುವುದಿಲ್ಲ.

ಪ್ರತಿ ಸಲವೂ ಅದೇ ಪ್ರಶ್ನೆ, ಅದೇ "ಸರಿ". ನನಗೋ ಬಾಯಿ ಸುಮ್ಮನಿರುವುದಿಲ್ಲ. ಒಂದು ಮಧ್ಯಾಹ್ನ ಕರೆಂಟು ಹೋಗಿ ಹುಡುಗರೆಲ್ಲ ಕೆಳಗಿಳಿದಾಗ ಕೇಳಿಯೇಬಿಟ್ಟೆ. "ಆ ಮನೇಲಿ ಏನಿದೆ ಸರ್? ಎಲ್ರನ್ನೂ ಅದನ್ನೇ ಕೇಳ್ತೀರ."

ಊಟದ ಡಬ್ಬಿಯ ಮುಚ್ಚಳ ಹಾಕಿದರು. ಆಮೇಲೆ "ನಮ್ಮಕ್ಕ" ಎಂದರು.

ಅವರ ಅಕ್ಕ ಅವರಿಗಿಂತ ತುಂಬಾ ದೊಡ್ಡವಳು. ಅಪ್ಪ ಅಮ್ಮ ಬೇಗ ಹೋದ ಮೇಲೆ ಹುಳ ಸಾಕಿ ತಮ್ಮನನ್ನು ಓದಿಸಿದವಳು. ತಾನು ಮದುವೆ ಆಗಲಿಲ್ಲ. ಆಮೇಲೆ ಆಮೇಲೆ ಎಂದು ಮುಂದೂಡಿದಳು, ಆ ಆಮೇಲೆ ಬರಲೇ ಇಲ್ಲ. ಒಮ್ಮೆ ತಮ್ಮ ಪೇಟೆಯಿಂದ ಬಂದವನು ಮೈಮರೆತು ಚಪ್ಪಲಿ ಕಾಲಲ್ಲೇ ಹುಳದ ಮನೆಗೆ ನುಗ್ಗಿದ್ದನಂತೆ. ಆ ಬೆಳೆ ಪೂರ್ತಿ ಕೈಕೊಟ್ಟಿತು. ಅಕ್ಕ ಒಂದು ಮಾತೂ ಬೈಯಲಿಲ್ಲ. ಸತ್ತ ಹುಳವನ್ನು ಗುಂಡಿ ತೆಗೆದು ಮುಚ್ಚಿ ಕೈ ತೊಳೆದುಕೊಂಡಳು. ಅಂದಿನಿಂದ ಸುಣ್ಣ ಕಂಡರೆ ಸರ್ ಅಂಗಳ ದಾಟುತ್ತಿರಲಿಲ್ಲ.

"ಕೊನೇ ಸಲ ಹೋದಾಗ ಹುಳ ನಾಲ್ಕನೇ ಜ್ವರ ಎದ್ದು, ಪೊರೆ ಬಿಟ್ಟು ಸೊಪ್ಪು ಮೇಯೋ ಟೈಮು. ಬಾಗ್ಲಲ್ಲಿ ಹೊಸ ಸುಣ್ಣ. ಅಂಗಳದಲ್ಲಿ ನಿಂತು ಅಕ್ಕಾ ಅಕ್ಕಾ ಅಂತ ಕೂಗ್ದೆ. ಮಾತಿಲ್ಲ. ಸೊಪ್ಪು ಕುಯ್ಯೋಕೆ ತೋಟಕ್ಕೆ ಹೋಗಿರ್ಬೇಕು ಅಂದ್ಕೊಂಡೆ. ತಂದಿದ್ದ ಚೀಲಾನ ಕಂಬಕ್ಕೆ ನೇತಾಕಿ ಬಸ್ ಹತ್ತಿಬಿಟ್ಟೆ."

ಅಕ್ಕ ಒಳಗೇ ತಲೆ ಸುತ್ತಿ ಬಿದ್ದಿದ್ದಳು. ಸುಣ್ಣ ನೋಡಿ ಅಕ್ಕಪಕ್ಕದವರೂ ಹೋಗಲಿಲ್ಲ. ಮಾರನೆಯ ದಿನ ಸೊಪ್ಪು ಹೊತ್ತು ತಂದ ಹೆಂಗಸು ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆಟದಲ್ಲಿ ಬದುಕಿ ಉಳಿದಿದ್ದ ಒಂದೇ ಜೀವ ಅವಳು. ಸರ್ ಅವಳನ್ನು ಅದೇ ಮನೆಯೊಳಗೆ, ಅದೇ ಸುಣ್ಣದ ಗೆರೆಯ ಆಚೆ ಇಟ್ಟಿದ್ದರು. ಮೂರನೇ ಪಟ್ಟಿ ಏರುತ್ತಿದ್ದುದು ಅವಳೊಂದಿಗೆ ಮಾತಾಡಿದರೆ ಮಾತ್ರ.

"ಬಾಗ್ಲಲ್ಲಿ ಒಂದು ಬೋರ್ಡ್ ಹಾಕಿ ಸರ್, ಒಳಗೆ ಬನ್ನಿ ಅಂತ" ಎಂದೆ.

"ಆವತ್ತು ನನಗೆ ಯಾರ್ ಹಾಕಿದ್ರಮ್ಮ ಬೋರ್ಡ್‌ನ?" ಎಂದರು. ಮತ್ತೆ ತಾವೇ ಹೇಳಿದರು. "ಯಾರಾದ್ರೂ ಒಬ್ರು ಒಳಗೆ ಹೋಗ್ಲಿ, ಅವಳನ್ನ ಮಾತಾಡಿಸ್ಲಿ ಅಂತ ಆಸೆ. ಯಾರೂ ಹೋಗದೇ ಇದ್ರೆ... ಸದ್ಯ, ನನ್ ಜಾಗದಲ್ಲಿ ಯಾರಿದ್ರೂ ವಾಪಸ್ಸೇ ಹೋಗ್ತಿದ್ರು ಅಂತ ಒಂದು ಸಮಾಧಾನ."

ಆ ದಿನದಿಂದ ಆಡುವವರ ಬೆನ್ನ ಹಿಂದೆ ನಿಲ್ಲುವುದು ನನಗೆ ಹಿಂಸೆಯಾಯಿತು. ಹಂಚಿನ ಮನೆ ಬಂದ ಕೂಡಲೇ, ಹೋಗೋ, ಹೋಗೋ ಒಳಗೆ ಎಂದು ಕೂಗಬೇಕೆನ್ನಿಸುತ್ತಿತ್ತು. ಅವರು ಬಾಗಿಲ ಮುಂದೆ ಒಂದು ಕ್ಷಣ ನಿಂತು ತಿರುಗಿಬಿಡುತ್ತಿದ್ದರು. "ಯಾರೂ ಇಲ್ಲ ಸರ್" ಎಂದಾಗ ಸರ್ ಮುಖದಲ್ಲಿ ನೆಮ್ಮದಿಯೂ ಕಾಣುತ್ತಿತ್ತು, ಏನೋ ಕಳೆದುಕೊಂಡ ಹಾಗೂ ಕಾಣುತ್ತಿತ್ತು. ನಾನು ಆ ಮನೆಯೊಳಗೆ ಹೋಗಬಹುದಿತ್ತು. ಆದರೆ ಗೊತ್ತಿದ್ದವರು ಹೋದರೆ ಅದು ಹೋದ ಹಾಗಲ್ಲ ಎಂದು ಸರ್ ಹೇಳಿದ್ದರು, ನಾನೂ ಒಪ್ಪಿಕೊಂಡೆ.

ಸರ್ ಆ ಆಟದ ಇಂಗ್ಲಿಷ್ ಪ್ರತಿಯೊಂದನ್ನು ಇಂಟರ್‌ನೆಟ್ಟಿಗೂ ಹಾಕಿದ್ದರು. ಹೀಗೆ ಒಬ್ಬೊಬ್ಬರೇ ಮಾಡಿದ ಆಟಗಳನ್ನು ಹಂಚಿಕೊಳ್ಳುವ ಒಂದು ತಾಣ ಇತ್ತು, ಆಡಿದವರು ಅಲ್ಲಿ ಕೆಳಗೆ ಅಭಿಪ್ರಾಯ ಬರೆಯಬಹುದಿತ್ತು. ಮೊದಲೊಮ್ಮೆ ಯಾರೋ ಬೋರು ಎಂದು ಬರೆದಿದ್ದರು, ಆಮೇಲೆ ತಿಂಗಳುಗಟ್ಟಲೆ ಖಾಲಿ. ಆದರೂ ಸರ್ ಬೆಳಿಗ್ಗೆ ಬಂದ ತಕ್ಷಣ ಫೋನಿನ ತಂತಿ ಸಿಕ್ಕಿಸಿ, ಅದು ಕಿರ್ರೆಂದು ಕಿರುಚುವುದನ್ನು ಕೇಳುತ್ತ ಕೂತಿರುತ್ತಿದ್ದರು.

ಒಂದು ಬೆಳಿಗ್ಗೆ ನಾನು ಮೆಟ್ಟಿಲು ಹತ್ತಿ ಬಂದಾಗ ಸರ್ ಪರದೆಯ ಮುಂದೆ ಕೈ ಕಟ್ಟಿಕೊಂಡು ನಿಂತಿದ್ದರು. "ಇದನ್ನ ಓದಮ್ಮ. ಕನ್ನಡದಲ್ಲಿ ಹೇಳು" ಎಂದರು. ಬರೆದವರು ಯಾವ ದೇಶದವರೋ, ಅವರ ಇಂಗ್ಲಿಷೂ ನನ್ನದರ ಹಾಗೇ ಕುಂಟುತ್ತಿತ್ತು. ನಾನು ಒಂದೊಂದೇ ಸಾಲು ಕನ್ನಡಕ್ಕೆ ತಿರುಗಿಸಿ ಹೇಳಿದೆ. ನಡಿಗೆ ಬಹಳ ನಿಧಾನ. ನೀರು ಬೇಗ ಮುಗಿಯುತ್ತದೆ. ಒಂದು ಮನೆಯ ಒಳಗೆ ಒಬ್ಬ ಹೆಂಗಸು ಸಿಕ್ಕಿದಳು. ಊಟ ಆಯಿತಾ ಎಂದು ಕೇಳಿದಳು. ದಾರಿಯಲ್ಲಿ ನನ್ನ ತಮ್ಮ ಸಿಕ್ಕಿದನಾ ಎಂದೂ ಕೇಳಿದಳು. ಇಲ್ಲ ಎಂದೆ. ಬಾಗಿಲವರೆಗೆ ಬಂದು ಹೋಗಿರುತ್ತಾನೆ ಬಿಡು, ಹುಳದ ವಿಷಯದಲ್ಲಿ ಅವನಿಗೆ ಬಹಳ ಎಚ್ಚರ ಎಂದಳು. ನನ್ನ ಮೂರನೇ ಪಟ್ಟಿ ತುಂಬಿಕೊಂಡಿತು. ಆಮೇಲೆ ಮುಂದಕ್ಕೆ ಹೋಗಲು ಮನಸ್ಸಾಗಲಿಲ್ಲ. ಅವಳ ಹತ್ತಿರವೇ ಕೂತು ಆಟ ನಿಲ್ಲಿಸಿದೆ.

ನನಗೆ ಕುಣಿಯುವಷ್ಟು ಖುಷಿ. "ಹೋದ್ರು ಸರ್! ಒಬ್ರು ಹೋದ್ರು!" ಎಂದು ಕಿರುಚಿದೆ. ತಿರುಗಿ ನೋಡಿದರೆ ಸರ್ ಕುರ್ಚಿ ಹಿಡಿದುಕೊಂಡು ನಿಂತಿದ್ದರು.

"ಹಂಗಾದ್ರೆ ಹೋಗ್ಬೋದಿತ್ತು" ಎಂದರು.

ಅಷ್ಟು ದಿನ ನಮ್ಮೂರಿನವರೆಲ್ಲ ಆ ಬಾಗಿಲಿಂದ ತಿರುಗಿ ಬಂದು, ತಮಗೇ ಗೊತ್ತಿಲ್ಲದೆ, ಅವರ ಪರವಾಗಿ ಸಾಕ್ಷಿ ಹೇಳಿದ್ದರು. ಅವರು ಆಸೆಯಿಂದ ಕಾದಿದ್ದ ಒಂದೇ ಅಭಿಪ್ರಾಯ ಬಂದು ಅದನ್ನೆಲ್ಲ ಅಳಿಸಿಹಾಕಿತು. ಏನಾದರೂ ಹೇಳಲೇಬೇಕಲ್ಲ ಎಂದು ಹೇಳಿದೆ. "ಅವ್ರಿಗೆ ನಮ್ ಪದ್ಧತಿ ಗೊತ್ತಿರ್ಲಿಲ್ಲ ಸರ್. ಗೊತ್ತಿದ್ದಿದ್ರೆ ಅವ್ರೂ ವಾಪಸ್ ಹೋಗ್ತಿದ್ರು."

"ಅವ್ರಿಗೆ ಪದ್ಧತಿ ಗೊತ್ತಿರ್ಲಿಲ್ಲ. ನನಗೆ ಅಕ್ಕ ಗೊತ್ತಿದ್ಲಲ್ಲಮ್ಮ. ತೋಟದಲ್ಲಿದ್ರೂ ನನ್ ದನಿ ಕೇಳಿದ್ರೆ ಓ ಅನ್ನದೇ ಇರೋಳಲ್ಲ ಅವಳು."

ಅಳಲಿಲ್ಲ. ಹೋಗಿ ಕಿಟಕಿ ತೆರೆದರು, ಪೊರಕೆ ತೆಗೆದುಕೊಂಡು ಕ್ಲಾಸು ಗುಡಿಸಿದರು. ಹುಡುಗರು ಬಂದಾಗ ಎಂದಿನಂತೆ ಪಾಠ ಮಾಡಿದರು. ಆದರೆ ಅಲ್ಲಿಂದಾಚೆಗೆ ಆಟ ಹೇಗಿತ್ತೆಂದು ಯಾರನ್ನೂ ಕೇಳಬೇಡ ಎಂದು ನನಗೆ ಹೇಳಿದರು. ಕೆಲವು ದಿನಗಳಾದ ಮೇಲೆ ಕಂಪ್ಯೂಟರುಗಳಿಂದ ಆಟವನ್ನು ತೆಗೆದರು, ಇಂಟರ್‌ನೆಟ್ಟಿನಿಂದಲೂ ತೆಗೆದರು. ಮಾರನೆಯ ವರ್ಷ ಕ್ಲಾಸು ಮುಚ್ಚಿ ಮಂಚೇನಹಳ್ಳಿಗೆ ಹೋದರು. ಅಲ್ಲಿ ಮಕ್ಕಳಿಗೆ ಮನೆಪಾಠ ಹೇಳಿಕೊಡುತ್ತಿದ್ದಾರೆಂದು ಕೇಳಿದ್ದೆ. ನನಗೆ ಚಿಕ್ಕಬಳ್ಳಾಪುರದಲ್ಲಿ ಕೆಲಸ ಸಿಕ್ಕಿತು... ಹಾಗೇ ವರ್ಷಗಳು ಉರುಳಿದವು.

ಸರ್ ತೀರಿಹೋಗಿ ಎರಡು ಮೂರು ವರ್ಷವಾಯಿತಂತೆ. ಹೋದ ತಿಂಗಳು ಚಿಂತಾಮಣಿ ಬಸ್ಸಿನಲ್ಲಿ ಸಿಕ್ಕಿದ ಹಳೇ ವಿದ್ಯಾರ್ಥಿಯೊಬ್ಬ, ಇಳಿಯುವ ಸ್ಟಾಪು ಬಂತೆಂದು ಎದ್ದು ನಿಂತು, ನಡುವೆ ಹೇಳಿದ ಸುದ್ದಿ ಅದು. ಇನ್ನೇನಾದರೂ ಕೇಳುವಷ್ಟರಲ್ಲಿ ಇಳಿದುಹೋದ.

ಮೊನ್ನೆ ಸಂಜೆ ಟೀ ಆರುವವರೆಗೂ ಫೋನಿನಲ್ಲಿ ಆ ಆಟಕ್ಕಾಗಿ ಹುಡುಕಿದೆ. ಆ ತಾಣವೇ ಈಗ ಇಲ್ಲ. ಯಾರ ಹತ್ತಿರವೂ ಒಂದು ಪ್ರತಿ ಇರುವಂತೆ ಕಾಣಲಿಲ್ಲ. ನಾನು ಅಕ್ಕನ ಮುಖ ನೋಡಲಿಲ್ಲ. ಅವಳು ನನಗೆ ಗೊತ್ತಿರುವುದು ಯಾರೋ ಪರದೇಶದವರು ಬರೆದ ನಾಲ್ಕು ಸಾಲಿನಲ್ಲಿ ಮಾತ್ರ. ಸರ್ ಇಲ್ಲ, ಅಕ್ಕನೂ ಇಲ್ಲ ಎಂದು ಈಗ ಅನ್ನಿಸುತ್ತಿದೆ. ಈ ಮನೆಯಲ್ಲಿ ಸಂಜೆ ಹೊತ್ತು ನನ್ನನ್ನು ಏನಾದರೂ ಕೇಳುವವರು ಯಾರೂ ಇಲ್ಲ. ಆ ಆಟ ಸಿಕ್ಕಿದ್ದರೆ ಅಕ್ಕ ಕೇಳಿರುತ್ತಿದ್ದಳು, ಊಟ ಆಯ್ತಾ ಎಂದು. ಆಯ್ತು ಎಂದು ಹೇಳಿ ನಾನು ಮುಂದಕ್ಕೆ ಹೋಗುತ್ತಿರಲಿಲ್ಲ. ಇಲ್ಲ ಅನ್ನುತ್ತಿದ್ದೆ.