ಹದಿನೇಳನೇ ಪುಟದ ಹಕ್ಕಿಗಳು

ಕೊಪ್ಪದ ಬಸ್ ನಿಲ್ದಾಣದ ಎದುರು, ಚಪ್ಪಲಿ ಅಂಗಡಿಗೂ ಹಾರ್ಡ್‌ವೇರ್ ಅಂಗಡಿಗೂ ನಡುವೆ ಸಿಕ್ಕಿಕೊಂಡ ಎಂಟಡಿ ಅಗಲದ ಮಳಿಗೆಯಲ್ಲಿ ಯಜ್ಞೇಶ ಒಂದು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಮೇಲೆ ಬಗ್ಗಿ ಕೂತಿದ್ದ. ಅಂಕಪಟ್ಟಿಗೆ ಬೂಷ್ಟು ಹಿಡಿದಿತ್ತು. ಗಣಿತದ 41ರ ಮೇಲೆ ಒಂದು ಕಪ್ಪು ಚುಕ್ಕೆ ಕೂತು, ಅದು 91 ಕೂಡ ಇರಬಹುದೇನೋ ಎಂಬ ಆಸೆ ಹುಟ್ಟಿಸುತ್ತಿತ್ತು. ಅಂಕಪಟ್ಟಿಯ ಒಡತಿ ಬಸವಮ್ಮ ಕೌಂಟರಿನ ಆಚೆ ನಿಂತು ನೋಡುತ್ತಿದ್ದರು.

"ಅದೊಂದು ಚುಕ್ಕೆ ಹಾಗೇ ಇರ್ಲಿ ಬಿಡಿ ಮಾರಾಯ್ರೆ."

"ಬಿಟ್ರೆ ಮರಿ ಹಾಕತ್ತೆ ಬಸವಮ್ಮ. ಮುಂದಿನ ಮಳೆಗಾಲಕ್ಕೆ ನಿಮ್ಮ ಹೆಸರೇ ಇರಲ್ಲ" ಎಂದು ಯಜ್ಞೇಶ ಒಣ ಹತ್ತಿಯನ್ನು ಉಂಡೆ ಮಾಡಿ, ಒತ್ತದೆ, ಒಂದೇ ದಿಕ್ಕಿಗೆ ಒರೆಸಿದ. ಚುಕ್ಕೆ ಹೋಯಿತು. ನಲವತ್ತೊಂದು ಉಳಿಯಿತು.

ಜೆರಾಕ್ಸ್, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ: ಬೋರ್ಡಿನಲ್ಲಿ ಬರೆಸಿದ್ದು ಇಷ್ಟೇ. ಆದರೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಅವನ ನಿಜವಾದ ಕಸುಬು ಬೂಷ್ಟು ತೆಗೆಯುವುದು. ಮದುವೆ ಫೋಟೊ, ಪಹಣಿ, ಜಾತಕ, ದೇವರ ಪಟ, ಎಲ್ಲವೂ ಅವನ ಹತ್ತಿಯ ಕೆಳಗೆ ಬಂದು ಹೋಗಿವೆ. ಇಪ್ಪತ್ತೆರಡು ವರ್ಷದಲ್ಲಿ ಇದನ್ನು ಯಾರೂ ವಿದ್ಯೆ ಎಂದು ಕರೆದಿರಲಿಲ್ಲ. ಅವನೂ ಕರೆದುಕೊಂಡಿರಲಿಲ್ಲ.

ಲ್ಯಾಮಿನೇಷನ್ ಯಂತ್ರ ಬಿಸಿಯಾಗುವಷ್ಟರಲ್ಲಿ ಫೋನ್ ಬಂತು. ಶೃಂಗೇರಿಯ ಶ್ರೀರಕ್ಷಾ. ಅಲ್ಲಿಯ ಒಂದು ಸಹಕಾರ ಸಂಘದಲ್ಲಿ ಕೆಲಸ, ವಯಸ್ಸು ಇಪ್ಪತ್ತೊಂಬತ್ತು. ಕಾಮಿಕ್ಸ್ ಚಿತ್ರಕಥೆಗಳ ವಿಷಯದಲ್ಲಿ ಅವಳೊಡನೆ ವಾದಿಸಲು ಜನ ಹೆದರುತ್ತಾರೆ.

"ಯಜ್ಞೇಶಣ್ಣ, ಹಕ್ಕಿಗಳದ್ದು ಒಂದು ಒಳ್ಳೆ ಫೋಟೊ ಬೇಕಿತ್ತು. ಹತ್ತಿರದಿಂದ. ಇವತ್ತೇ."

"ಎಂತಕ್ಕೆ?"

"ಬೆಲ್ಜಿಯಂನವರೊಬ್ಬರು ನನ್ನ ಲೇಖನ ಓದಿದಾರೆ. ಅವರ ಪ್ರತಿಯಲ್ಲಿ ಹಕ್ಕಿಗಳೇ ಇಲ್ವಂತೆ! ನಮ್ಮದು ಬೇರೆ ಮುದ್ರಣ ಇರಬೇಕು ಅಂತಿದಾರೆ. 'ಕೊಪ್ಪ ಪ್ರತಿ' ಅಂತ ಹೆಸರೂ ಇಟ್ಟಾಯ್ತು."

ಹಕ್ಕಿಗಳ ಸಂಗತಿ ತಿಳಿಯಬೇಕಾದರೆ ಮೊದಲು ಬಳಗದ ಸಂಗತಿ ತಿಳಿಯಬೇಕು. 'ಮೂರು ತಾಲ್ಲೂಕು ಚಿತ್ರಕಥಾ ಬಳಗ'ಕ್ಕೆ ರಬ್ಬರ್ ಸ್ಟಾಂಪ್ ಇದೆ, ಲೆಟರ್‌ಹೆಡ್ ಇದೆ, ನಾಲ್ಕು ಜನ ಸದಸ್ಯರಿದ್ದಾರೆ. ಅಧ್ಯಕ್ಷರು ನರಸಿಂಹರಾಜಪುರದ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ವೃಷಭೇಂದ್ರಪ್ಪ. ಎರಡನೆಯವಳು ಶ್ರೀರಕ್ಷಾ. ಮೂರನೆಯವನು ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯ ಪರಮೇಶ್ವರ. ಅಡಿಕೆಯನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿ ದರ್ಜೆ ಹೇಳುವವನು. ನಾಲ್ಕನೆಯವನು ಯಜ್ಞೇಶ. ಬಳಗದ ಆಸ್ತಿ ಒಂದು ಪುಸ್ತಕ.

ಪುಸ್ತಕ ಇಂಗ್ಲಿಷ್ ಚಿತ್ರಕಥೆ, ಗಾತ್ರದಲ್ಲಿ ದೊಡ್ಡದು. ಹದಿಮೂರೂವರೆ ಇಂಚು ಎತ್ತರ, ಹತ್ತು ಇಂಚು ಅಗಲ, ಪ್ರತಿ ಪುಟವೂ ಬಣ್ಣದಲ್ಲಿ ಕೈಯಾರೆ ಬರೆದು ಅಚ್ಚು ಹಾಕಿದ ಚಿತ್ರ. ಸಾಮಾನ್ಯ ಚೀಲಕ್ಕೆ ಹಾಕಿದರೆ ಮೂಲೆ ಮಡಚುತ್ತದೆಂದು ಅದನ್ನು ಮಕ್ಕಳ ಕ್ಯಾರಂ ಬೋರ್ಡಿನ ಚೀಲದಲ್ಲಿಟ್ಟು ಊರಿಂದೂರಿಗೆ ಒಯ್ಯುತ್ತಾರೆ. ಅದರ ನಾಯಕ ಹಾರಬಲ್ಲ, ಸೇತುವೆ ಎತ್ತಬಲ್ಲ ಬಲಶಾಲಿ. ಅವನ ಇಂಗ್ಲಿಷ್ ಹೆಸರು ಬಳಗದಲ್ಲಿ ಯಾರಿಗೂ ಹಿಡಿಸದ ಕಾರಣ ಎಲ್ಲರೂ 'ನೀಲಿ ಶಾಲಿನವನು' ಎನ್ನುತ್ತಾರೆ. ಬೆನ್ನ ಮೇಲಿರುವುದು ಶಾಲೋ ಉತ್ತರೀಯವೋ ಎಂಬುದರ ಮೇಲೆ ಎರಡು ಭಾನುವಾರ ಕಳೆದಿವೆ. ನಾಯಕನ ಹೊಟ್ಟೆಯ ಬಳಿ ಅಂಗಿ ಸುಕ್ಕುಗಟ್ಟಿರುವುದನ್ನು ತೋರಿಸಿ ಪರಮೇಶ್ವರ, "ಇವ ನಮ್ಮ ಸೊಸೈಟಿ ಡೈರೆಕ್ಟ್ರ ಹಾಗೇ ಇದಾನಲ್ರೋ, ಹಾರಿದ್ರೆ ಉಸಿರು ಹಿಡಿಯಲ್ವಾ?" ಎಂದಿದ್ದ. "ಅದೇ ಕಲೆ. ಗೆರೆ ಹಾಕಿದ ವೀರನಿಗೆ ಹೊಟ್ಟೆ ಇರಲ್ಲ, ಬಣ್ಣ ಬರೆದ ವೀರನಿಗೆ ಇರುತ್ತೆ" ಎಂದು ಮೇಷ್ಟ್ರು ಮುಕ್ಕಾಲು ಗಂಟೆ ಮಾತಾಡಿದ್ದರು. ಯಜ್ಞೇಶನೂ ಒಮ್ಮೆ ಬಾಯಿ ತೆರೆದಿದ್ದ. "ಕಾಗದ ಒಳ್ಳೆ ನಯ ಇದೆ" ಎಂದಿದ್ದ. "ಜೆರಾಕ್ಸ್ ಕಣ್ಣು ಮಾರಾಯ ನಿಂದು" ಎಂದು ಪರಮೇಶ್ವರ ನಕ್ಕಮೇಲೆ ಅವನು ಟಿಪ್ಪಣಿಗಳ ನಾಲ್ಕು ಪ್ರತಿ ತೆಗೆದುಕೊಡುವುದಕ್ಕಷ್ಟೇ ಉಳಿದುಕೊಂಡ.

ಹಕ್ಕಿಗಳನ್ನು ಕಂಡುಹಿಡಿದವರು ಮೇಷ್ಟ್ರು. ಹದಿನಾರು ಮತ್ತು ಹದಿನೇಳನೇ ಪುಟ ಸೇರಿ ಒಂದೇ ಚಿತ್ರ: ಎಡಕ್ಕೆ ಕುಸಿದ ಸೇತುವೆಯನ್ನು ಹೆಗಲಲ್ಲಿ ಹೊತ್ತ ನೀಲಿ ಶಾಲಿನವನು, ಬಲಕ್ಕೆ ಬೆಳಗಿನ ಆಕಾಶ. ಆಕಾಶದ ಮೂಲೆಯಲ್ಲಿ ಏಳು ಪುಟ್ಟ ಹಕ್ಕಿಗಳು. ಮೇ ತಿಂಗಳ ಸಭೆಯಲ್ಲಿ ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಹೇಳಿದರು: "ಇವು ಹಕ್ಕಿಗಳಲ್ಲ. ಅವನು ಉಳಿಸಲಾಗದೆ ಹೋದ ಏಳು ಜನ." ಶ್ರೀರಕ್ಷಾ ಕಣ್ಣೊರೆಸಿಕೊಂಡಳು. ಆಮೇಲೆ 'ಉಳಿಸಲಾಗದ ಏಳು' ಎಂಬ ಲೇಖನ ಬರೆದು, ಇಂಗ್ಲಿಷಿಗೂ ಮಾಡಿ, ಜಗತ್ತಿನ ಚಿತ್ರಕಥಾ ಪ್ರಿಯರು ಸೇರುವ ಜಾಲತಾಣಕ್ಕೆ ಹಾಕಿದಳು.

ಬಳಗದಲ್ಲಿ ಇನ್ನೊಂದು ಪದ್ಧತಿ ಇದೆ. ಮಠಗಳ ನೆರಳಿನಲ್ಲಿ ಬೆಳೆದವರಾದ್ದರಿಂದ ಅವರಿಗೆ ಅದು ಸಹಜವಾಗಿಯೇ ತೋರಿತು. ಮಳೆಗಾಲದಲ್ಲಿ ಪುಸ್ತಕ ಸಂಚಾರ ಮಾಡುವುದಿಲ್ಲ. ಆಷಾಢ ಹುಣ್ಣಿಮೆಯಿಂದ ಒಬ್ಬ ಸದಸ್ಯರ ಮನೆಯಲ್ಲಿ ನೆಲೆ ನಿಲ್ಲುತ್ತದೆ. ಇದಕ್ಕೆ ಚಾತುರ್ಮಾಸ್ಯವೆಂದೇ ಹೆಸರು. ಹೆಸರಿಗೆ ನಾಲ್ಕು ತಿಂಗಳು, ಆಚರಣೆಗೆ ನಾಲ್ಕು ಪಕ್ಷ. ಅದನ್ನೂ ಮಠದಿಂದಲೇ ಕಲಿತದ್ದು. ಮೊದಲ ವರ್ಷ ಮೇಷ್ಟ್ರ ಮನೆ, ಎರಡನೆಯ ವರ್ಷ ಪರಮೇಶ್ವರನ ಮನೆ, ಮೂರನೆಯ ವರ್ಷ ಶ್ರೀರಕ್ಷಾಳ ಮನೆ. ನಾಲ್ಕನೆಯದಾದ ಈ ವರ್ಷ ಬೇರೆ ಯಾರೂ ಉಳಿಯದ ಕಾರಣ ಯಜ್ಞೇಶನ ಮನೆ. ಅವನು ಗೋಡೆಯ ಕಪಾಟು ಖಾಲಿ ಮಾಡಿಸಿ, ಹೊಸ ಬಟ್ಟೆ ಹಾಸಿ, ಕ್ಯಾರಂ ಚೀಲವನ್ನು ಎರಡೂ ಕೈಯಲ್ಲಿ ಇಳಿಸಿಕೊಂಡಿದ್ದ. ಪುಸ್ತಕ ಇದ್ದಷ್ಟು ದಿನ ತಾನೂ ಬಳಗದವನು ಎಂದು ಅವನಿಗೆ ಅನಿಸುತ್ತಿತ್ತು.

ಫೋನ್ ಇಟ್ಟು, ಮಧ್ಯಾಹ್ನ ಊಟಕ್ಕೆ ಹೋದಾಗ ಅವನು ಹದಿನೇಳನೇ ಪುಟ ಬಿಚ್ಚಿ ಮೊಬೈಲ್ ಹಿಡಿದ. ಪರದೆಯಲ್ಲಿ ಚಿತ್ರ ಹಿಗ್ಗಿಸಿದ. ಎಣಿಸಿದ. ಮತ್ತೊಮ್ಮೆ ಎಣಿಸಿದ. ಹತ್ತೊಂಬತ್ತು ಹಕ್ಕಿಗಳಿದ್ದವು.

ಹೆಂಡತಿ ರಮ್ಯಶ್ರೀ ಹಿಂದಿನಿಂದ ಇಣುಕಿದಳು. "ಎಂತ ಅದು, ಬೂಷ್ಟು?"

"ಹಕ್ಕಿ."

"ಹಕ್ಕಿಗೆ ರೋಮ ಬಂದಿದೆ ನೋಡಿ."

ಬಂದಿತ್ತು. ಇಪ್ಪತ್ತೆರಡು ವರ್ಷ ಬೂಷ್ಟನ್ನೇ ನೋಡಿದ ಕಣ್ಣಿಗೆ ಅದು ಮೇ ತಿಂಗಳಲ್ಲೇ ಕಾಣಬೇಕಿತ್ತು. ಕಂಡಿತ್ತೋ ಏನೋ. ಮೇಷ್ಟ್ರು ಹಕ್ಕಿ ಎಂದಮೇಲೆ ಅವನ ಕಣ್ಣು ಸುಮ್ಮನಾಗಿತ್ತು.

"ಒರೆಸಿಬಿಡಿ. ದಿನಾ ಮಾಡೋ ಕೆಲಸ ಅಲ್ದಾ?" ಎಂದಳು ರಮ್ಯಶ್ರೀ.

ಅಲ್ಲೇ ಇದ್ದದ್ದು ಕಷ್ಟ. ಒರೆಸಿದರೆ ಮೇಷ್ಟ್ರ ಏಳು ಹಕ್ಕಿಯೂ ಹೋಗುತ್ತವೆ. ಪುಸ್ತಕ ಕೆಡಿಸಿದವನು ಜೆರಾಕ್ಸಿನವನು ಎಂದಾಗುತ್ತದೆ. ಒರೆಸದಿದ್ದರೆ ಮಳೆ ಮುಗಿಯುವ ಹೊತ್ತಿಗೆ ಆಕಾಶವೇ ಇರುವುದಿಲ್ಲ. ಹೊಸ ಹನ್ನೆರಡನ್ನು ಮಾತ್ರ ಒರೆಸಿ ಹಳೆಯ ಏಳನ್ನು ಬಿಡುವ ಯೋಚನೆಯೂ ಬಂತು. ಬಸವಮ್ಮನಿಗೆ ಬೆಳಿಗ್ಗೆ ತಾನೇ ಹೇಳಿದ ಮಾತು ನೆನಪಾಗಿ ಅದನ್ನೂ ಕೈಬಿಟ್ಟ. ಶ್ರೀರಕ್ಷಾಗೆ 'ಕರೆಂಟಿಲ್ಲ' ಎಂದು ಸಂದೇಶ ಕಳಿಸಿ, ಕ್ಯಾರಂ ಚೀಲ ಹೆಗಲಿಗೇರಿಸಿ, ಎರಡು ಗಂಟೆಯ ನರಸಿಂಹರಾಜಪುರದ ಬಸ್ಸು ಹತ್ತಿದ. ಜೇಬಿನಲ್ಲಿ ಹತ್ತಿ ಇತ್ತು.

"ಎಲ್ಲಿ ಟೂರ್ನಮೆಂಟು?" ಎಂದ ಕಂಡಕ್ಟರ್.

"ಎನ್ನಾರ್‌ಪುರ."

"ಗೆದ್ಕಂಡು ಬನ್ನಿ."

ಮೇಷ್ಟ್ರು ಬಾಗಿಲು ತೆರೆದವರು ಮೊದಲು ನೋಡಿದ್ದು ಚೀಲವನ್ನು. "ಏನಪ್ಪಾ ಇದು? ಚಾತುರ್ಮಾಸ್ಯದಲ್ಲಿ ಹೊರಗೆ ತಂದಿದ್ದೀಯ?"

"ಸ್ವಲ್ಪ ನೋಡ್ಬೇಕಿತ್ತು ಮೇಷ್ಟ್ರೆ."

ಕಿಟಕಿಯ ಬಳಿಯ ಡ್ರಾಯಿಂಗ್ ಮೇಜಿನ ಮೇಲೆ ಪುಟ ಬಿಚ್ಚಿದ. ಮೇಷ್ಟ್ರು ಭೂತಗನ್ನಡಿ ಹಿಡಿದು ಬಹಳ ಹೊತ್ತು ಬಗ್ಗಿದರು. ಎದ್ದಾಗ ಮುಖದಲ್ಲಿ ಬೆಳಕಿತ್ತು.

"ಹತ್ತೊಂಬತ್ತು! ಅವತ್ತು ಮನೆಯೊಳಗೆ ಮಬ್ಬಿತ್ತು, ನನಗೇ ಕಾಣಲಿಲ್ಲ. ಎಂಥ ಕಲಾವಿದ ನೋಡು. ನೋಡಿದಷ್ಟೂ ಕೊಡ್ತಾನೆ."

"ಮೇಷ್ಟ್ರೆ, ಏಳಿದ್ದದ್ದು ಹತ್ತೊಂಬತ್ತಾಗಿದೆ. ಹಕ್ಕಿ ಪುಸ್ತಕದೊಳಗೆ ಮರಿ ಹಾಕತ್ತಾ?"

"ನೀನು ಆವತ್ತು ಸರಿಯಾಗಿ ನೋಡಿರಲಿಲ್ಲ."

"ನಿಮ್ಮ ಟಿಪ್ಪಣಿ ಜೆರಾಕ್ಸ್ ಮಾಡಿದ್ದು ನಾನು. 'ಏಳು' ಅಂತ ಹನ್ನೊಂದು ಸಲ ಬರೆದಿದೀರಿ." ಯಜ್ಞೇಶ ಪುಟವನ್ನು ಕಿಟಕಿಯ ಬೆಳಕಿಗೆ ವಾಲಿಸಿದ. "ಇದು ಬೂಷ್ಟು, ಮೇಷ್ಟ್ರೆ."

ಮೇಷ್ಟ್ರು ಭೂತಗನ್ನಡಿ ಕೆಳಗಿಟ್ಟರು. "ಮೂವತ್ತಾರು ವರ್ಷ ಚಿತ್ರ ಕಲಿಸಿದವನಿಗೆ ಬಣ್ಣ ಯಾವುದು, ಬೂಷ್ಟು ಯಾವುದು ಗೊತ್ತಾಗಲ್ವಾ?"

ಯಜ್ಞೇಶ ಜೇಬಿನಿಂದ ಹತ್ತಿ ತೆಗೆದ. "ಒಂದೇ ಒಂದು. ನೀವು ತೋರಿಸಿದ್ದನ್ನ."

ಮೇಷ್ಟ್ರು ಗುಂಪಿನ ಮುಂದೆ ಹಾರುತ್ತಿದ್ದ, ಎಲ್ಲಕ್ಕಿಂತ ದೊಡ್ಡ ಹಕ್ಕಿಯ ಮೇಲೆ ಬೆರಳಿಟ್ಟರು. ಮೇ ತಿಂಗಳ ಭಾಷಣದಲ್ಲಿ ಅದು ನೀಲಿ ಶಾಲಿನವನ ತಾಯಿಯಾಗಿತ್ತು. ಯಜ್ಞೇಶ ಒತ್ತದೆ, ಒಂದೇ ದಿಕ್ಕಿಗೆ ಒರೆಸಿದ. ತಾಯಿ ಹತ್ತಿಗೆ ಬಂದಳು. ಅವಳಿದ್ದ ಜಾಗದಲ್ಲಿ ತಿಳಿ ಕಂದು ಕಲೆ ಮಾತ್ರ ಉಳಿಯಿತು.

ಒಳಗಿನಿಂದ ಕಾಫಿ ಬಂತು. ಇಬ್ಬರೂ ಮುಟ್ಟಲಿಲ್ಲ.

"ಉಳಿದ ಆರನ್ನ ಬಿಡೋಕಾಗಲ್ವಾ?" ಎಂದರು ಮೇಷ್ಟ್ರು, ಸಣ್ಣ ದನಿಯಲ್ಲಿ.

"ಬೆಳಿಗ್ಗೆ ಒಬ್ಬರು ಒಂದು ಚುಕ್ಕೆ ಬಿಡಿ ಅಂದ್ರು. ಅವರಿಗೆ ಲೆಕ್ಕದಲ್ಲಿ ಐವತ್ತು ಮಾರ್ಕ್ಸ್ ಸಿಗೋದಿತ್ತು. ಆದ್ರೂ ಬಿಡ್ಲಿಲ್ಲ."

ಮೇಷ್ಟ್ರು ಕಿಟಕಿಯ ಕಡೆ ತಿರುಗಿ ನಿಂತರು. "ಒರೆಸು."

ಹದಿನೆಂಟೂ ಹೋಗುವುದಕ್ಕೆ ಹತ್ತು ನಿಮಿಷ ಸಾಕಾಯಿತು. ಯಜ್ಞೇಶ ಮತ್ತೆ ಹತ್ತಿಯನ್ನು ಕಂದು ಕಲೆಯ ಕಡೆ ಒಯ್ದಾಗ ಮೇಷ್ಟ್ರು ತಿರುಗಿ ಅವನ ಮಣಿಕಟ್ಟು ಹಿಡಿದರು. "ಅದು ಮೋಡ. ಅದನ್ನ ಮುಟ್ಟಬೇಡ."

ವಾಪಸು ಬರುವಾಗ ಅದೇ ಕಂಡಕ್ಟರ್. "ಎಂತಾಯ್ತು?"

"ಇನ್ನೂ ಗೊತ್ತಾಗಿಲ್ಲ" ಎಂದ ಯಜ್ಞೇಶ.

ಭಾನುವಾರ ಹರಿಹರಪುರದ ಹೋಟೆಲೊಂದರ ಮಹಡಿಯಲ್ಲಿ ತುರ್ತು ಸಭೆ ಸೇರಿತು. ಮೇಷ್ಟ್ರು ನಡೆದದ್ದನ್ನು ಹೇಳಿದರು. ತಮ್ಮ ಹೆಸರು ಬರುವಲ್ಲಿ 'ಬಳಗ' ಎಂದರು. ಪರಮೇಶ್ವರ ಪುಟದ ಅಂಚನ್ನು ಅಡಿಕೆಯಂತೆ ಉಜ್ಜಿ ನೋಡಿ ದರ್ಜೆ ಕೊಟ್ಟ: "ಬರುವಾಗ ಸರಕು. ಈಗ ಬೆಟ್ಟೆ. ಹಕ್ಕಿ ಬಿಟ್ಟಿದ್ರೆ ಗೊರಬಲೇ ಆಗ್ತಿತ್ತು." ಅಡಿಕೆಯಲ್ಲಿ ಸರಕಿಗಿಂತ ಮೇಲಿಲ್ಲ, ಗೊರಬಲಿಗಿಂತ ಕೆಳಗೆ ಕೇಳುವವರು ಕಡಿಮೆ.

ಶ್ರೀರಕ್ಷಾ ಮೊಬೈಲನ್ನು ಮೇಜಿನ ಮೇಲೆ ಮಗುಚಿಟ್ಟಳು. "ಬೆಲ್ಜಿಯಂನವರಿಗೆ ಎಂತ ಹೇಳದು ನಾನು? ನಮ್ಮೂರ ಬೂಷ್ಟು ಅಂತ ಹೇಳದಾ?"

"ಹೇಳು. ಅವರಿಗೂ ಸ್ವಲ್ಪ ಕಳಿಸು ಬೇಕಾದ್ರೆ" ಎಂದ ಪರಮೇಶ್ವರ.

ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಒಂದು ವಿಷಯ ಯೋಚಿಸಿ. ಆಕಾಶ ಈಗ ಖಾಲಿ ಇದೆ. ಉಳಿಸಲಾಗದವರ ನೆನಪೂ ಉಳಿದಿಲ್ಲ. ಇರೋದು ಒಂದೇ ಮೋಡ. ಇದು ಮೊದಲಿಗಿಂತ ಆಳವಾಗಿದೆ." ಶ್ರೀರಕ್ಷಾ ನಿಧಾನವಾಗಿ ತಲೆಯೆತ್ತಿ, ಚೀಲದಿಂದ ಪೆನ್ನು ತೆಗೆದಳು.

ಆಮೇಲೆ ನಿರ್ಣಯಗಳಾದವು. ಚಾತುರ್ಮಾಸ್ಯದ ನಡುವೆ ಪುಸ್ತಕವನ್ನು ಬಸ್ಸಿನಲ್ಲಿ ಹೊರಗೊಯ್ದು ಪದ್ಧತಿ ಮುರಿದ ಕಾರಣಕ್ಕೆ ಯಜ್ಞೇಶನಿಂದ ಪುಸ್ತಕವನ್ನು ಹಿಂಪಡೆದು ಪರಮೇಶ್ವರನ ವಶಕ್ಕೆ ಕೊಡತಕ್ಕದ್ದು. ಬೂಷ್ಟಿನ ಬಗ್ಗೆ ನಿರ್ಣಯದಲ್ಲಿ ಒಂದು ಅಕ್ಷರವೂ ಇರಲಿಲ್ಲ. ಯಜ್ಞೇಶ ಕ್ಯಾರಂ ಚೀಲವನ್ನು ಮೇಜಿನ ಆಚೆಗೆ ಸರಿಸಿದ. ಕೈ ಹಿಂದಕ್ಕೆ ಬರಲು ಸ್ವಲ್ಪ ಹೊತ್ತು ಹಿಡಿಯಿತು.

ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡ ಪರಮೇಶ್ವರನ ಮುಖದಲ್ಲೂ ಗೆಲುವಿರಲಿಲ್ಲ. "ಅಲ್ಲ ಮಾರಾಯ್ರೆ, ಇನ್ನೂ ಒಂದೂವರೆ ತಿಂಗಳು ಮಳೆ. ನಮ್ಮನೇಲಿ ಮತ್ತೆ ಹಕ್ಕಿ ಬಂದ್ರೆ ನಾನೆಂತ ಮಾಡದು?"

ಮೂವರೂ ಯಜ್ಞೇಶನ ಕಡೆ ನೋಡಿದರು. ಅವನ ಕಡೆ ಅವರೆಲ್ಲ ಒಟ್ಟಿಗೆ ನೋಡಿದ್ದು ಅದೇ ಮೊದಲು.

ಎರಡನೆಯ ನಿರ್ಣಯವನ್ನು ಮೇಷ್ಟ್ರೇ ಕೈಯಾರೆ ಬರೆದು ಸ್ಟಾಂಪ್ ಒತ್ತಿದರು. ನಾಲ್ಕು ಪ್ರತಿ ಜೆರಾಕ್ಸ್ ಮಾಡಲು ಅದನ್ನು ಯಜ್ಞೇಶನ ಕೈಗೇ ಕೊಟ್ಟರು. ಅದರಂತೆ ಈಗ ಪ್ರತಿ ಶನಿವಾರ ಅವನು ಎರಡು ಗಂಟೆಗೆ ಅಂಗಡಿಯ ಶಟರ್ ಎಳೆದು ನಾರ್ವೆಗೆ ಹೋಗುತ್ತಾನೆ, ಕೈ ತೊಳೆದು, ಒರೆಸಿಕೊಂಡು, ಒಣ ಹತ್ತಿ ಹಿಡಿದು ಮೊದಲ ಪುಟದಿಂದ ಶುರುಮಾಡುತ್ತಾನೆ.