ಸಮದ್ವಿಬಾಹುವಿನ ಒಂದು ಅಂಕ

ನಿವೃತ್ತಿಗೆ ಒಂಬತ್ತು ವರ್ಷ ಬಾಕಿ ಇದ್ದಾಗ ನಾನು ಆರ್.ಟಿ. ನಗರದ ಒಂದು ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರಾಗಿದ್ದೆ. ಊರು ಧಾರವಾಡದ ಕಡೆ. ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷವಾಗಿದ್ದರೂ ಸಿಟ್ಟು ಬಂದರೆ ನಾಲಿಗೆ ಊರಿಗೇ ಓಡುತ್ತಿತ್ತು. ಸಿಟ್ಟಂತೂ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಆ ವರ್ಷ ಬೇಸಿಗೆಯ ಗಣಿತ ಶಿಬಿರಕ್ಕೆ ಎಂಟನೇ ತರಗತಿಯಿಂದ ಒಬ್ಬರನ್ನು ಮಾತ್ರ ಕಳಿಸಬೇಕಿತ್ತು. ಇಪ್ಪತ್ತೈದು ಅಂಕಗಳ ಪರೀಕ್ಷೆ ಇಟ್ಟೆ. ಶಾಹೀನಾಗೆ ಹೋಗಲೇಬೇಕೆಂಬ ಆಸೆ. ಮನೆಯಲ್ಲಿ ದಖ್ಖನಿ ಉರ್ದು, ಶಾಲೆಯಲ್ಲಿ ಕನ್ನಡ. ತರಗತಿಯಲ್ಲಿ ಅವಳಷ್ಟು ಪ್ರಶ್ನೆ ಕೇಳುವವರು ಬೇರೆ ಯಾರೂ ಇರಲಿಲ್ಲ. ಶಿಬಿರಕ್ಕೆಂದು ಅಪ್ಪನನ್ನು ಹದಿನೈದು ದಿನ ಕಾಡಿ ಒಪ್ಪಿಸಿದ್ದಳು.

ಬಾಹುಗಳ ಅಳತೆ ನೋಡಿ ತ್ರಿಭುಜದ ವಿಧ ಹೇಳುವ ಪ್ರಶ್ನೆಯೊಂದಿತ್ತು. ಮೂರೂ ಬಾಹು ಸಮನಾದರೆ ಸಮಬಾಹು, ಎರಡು ಸಮನಾದರೆ ಸಮದ್ವಿಬಾಹು, ಯಾವುದೂ ಸಮವಿಲ್ಲದಿದ್ದರೆ ಅಸಮಬಾಹು ಎಂದು ನಾನೇ ಕಲಿಸಿದ್ದೆ. ಮೂರೂ ಬಾಹು ಐದೈದು ಸೆಂಟಿಮೀಟರ್ ಇದ್ದ ತ್ರಿಭುಜಕ್ಕೆ ಶಾಹೀನಾ, “ಸಮಬಾಹು. ಸಮದ್ವಿಬಾಹುವೂ ಹೌದು” ಎಂದು ಬರೆದಿದ್ದಳು. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಒಂದು ಅಂಕ ಕಳೆದೆ. ಅವಳಿಗೆ ಇಪ್ಪತ್ಮೂರು ಬಂತು. ಇನ್ನೊಬ್ಬಳಿಗೆ ಇಪ್ಪತ್ಮೂರೂವರೆ; ಶಿಬಿರಕ್ಕೆ ಆಕೆಯ ಹೆಸರು ಬರೆದೆ.

ಶಾಹೀನಾ ಉತ್ತರಪತ್ರಿಕೆ ಹಿಡಿದು ಸ್ಟಾಫ್ ರೂಮಿಗೆ ಬಂದಳು.

“ಸಾರ್, ಮೂರು ಸಮ ಇರೋದ್ರಲ್ಲಿ ಎರಡು ಸಮ ಇದ್ದೇ ಇರತ್ತಲ್ವಾ ಸಾರ್?”

ಎಂಟು ಜನ ಶಿಕ್ಷಕರು ನನ್ನತ್ತಲೇ ನೋಡುತ್ತಿದ್ದರು. “ದ್ವಿ ಅಂದ್ರ ಎರಡು, ಮೂರಲ್ಲ. ಮೊದ್ಲ ಕನ್ನಡ ಕಲಿ, ಆಮ್ಯಾಲ ಗಣಿತ ನೋಡೋಣಂತ” ಎಂದೆ.

ಎಲ್ಲರೂ ನಕ್ಕರು. “ಆಯ್ತು ಸಾರ್” ಎಂದು ಹೊರಟುಹೋದಳು.

ಎರಡು ವರ್ಷದ ನಂತರ ಯಲಹಂಕದಲ್ಲಿ ಶಿಕ್ಷಕರ ತರಬೇತಿ ನಡೆಯಿತು. ಸಮಬಾಹು ತ್ರಿಭುಜ ಸಮದ್ವಿಬಾಹುವೂ ಹೌದೇ ಎಂದು ತರಬೇತುದಾರರು ಕೇಳಿದಾಗ ಇಡೀ ಕೋಣೆ ಅಲ್ಲ ಎಂದಿತು. ನನ್ನ ದನಿಯೇ ಜೋರಾಗಿತ್ತು. ಅವರು ಬೋರ್ಡಿನ ಮೇಲೆ ಬರೆದರು: ಕನಿಷ್ಠ ಎರಡು ಬಾಹುಗಳು ಸಮನಾಗಿರುವುದೇ ಸಮದ್ವಿಬಾಹು. “ಕನಿಷ್ಠ ಅನ್ನೋದು ಹೆಸರಲ್ಲಿಲ್ಲ, ಅದಕ್ಕೇ ಮೋಸ ಹೋಗ್ತೀವಿ” ಎಂದರು. ಆ ವಾಕ್ಯವನ್ನು ನಾನೂ ಪುಸ್ತಕದಲ್ಲಿ ಬರೆದುಕೊಂಡೆ.

ಶಾಹೀನಾ ಆಗಿನ್ನೂ ನಮ್ಮ ಶಾಲೆಯಲ್ಲೇ ಹತ್ತನೇ ತರಗತಿಯಲ್ಲಿದ್ದಳು. ಮರುದಿನವೇ ಕರೆದು ಹೇಳಬಹುದಿತ್ತು, ಹೇಳಲಿಲ್ಲ. ಮೇಷ್ಟ್ರ ಮರ್ಯಾದೆ ಅಡ್ಡ ಬಂತು. ಪರೀಕ್ಷೆ ಮುಗಿಯಲಿ ಎಂದುಕೊಂಡೆ, ಫಲಿತಾಂಶ ಬರಲಿ ಎಂದುಕೊಂಡೆ. ಅವಳು ಗಣಿತವಿಲ್ಲದ ವಿಷಯಗಳನ್ನು ಆರಿಸಿಕೊಂಡು ಕಾಲೇಜಿಗೆ ಸೇರಿದಳೆಂದು ಆಮೇಲೆ ತಿಳಿಯಿತು.

ಕಳೆದ ವರ್ಷ ರಕ್ತಪರೀಕ್ಷೆಗೆಂದು ಲ್ಯಾಬಿಗೆ ಹೋದಾಗ ಕೌಂಟರಿನಲ್ಲಿದ್ದ ಹೆಣ್ಣುಮಗಳು ಎದ್ದು ನಿಂತಳು. “ಸಾರ್, ಚೆನ್ನಾಗಿದೀರಾ? ನಾನು ಶಾಹೀನಾ. ಏನೂ ತಿಂದಿಲ್ಲ ತಾನೇ?”

ಇನ್ನು ತಡೆಯಲಾಗಲಿಲ್ಲ. “ತಂಗೀ, ಅವತ್ತು ನೀ ಬರದದ್ದ ಖರೇ ಇತ್ತು. ತಪ್ಪು ನಂದು” ಎಂದೆ. ಯಾವ ದಿನ, ಯಾವ ಉತ್ತರ ಎಂದು ಅವಳು ಕೇಳಲಿಲ್ಲ.

“ಗೊತ್ತು ಸಾರ್. ಅವತ್ತೇ ಗೊತ್ತಿತ್ತು” ಎಂದಳು. ನನ್ನ ರಸೀದಿ ಬರೆಯುತ್ತಾ, “ಅದಕ್ಕೇ ಆಮೇಲೆ ಏನೂ ಕೇಳ್ಲಿಲ್ಲ” ಎಂದಳು.

ಸ್ಟಾಫ್ ರೂಮಿನ ಆ ದಿನದ ನಂತರವೂ ಅವಳು ಹತ್ತನೇ ತರಗತಿಯವರೆಗೆ ಮುಂದಿನ ಬೆಂಚಿನಲ್ಲೇ ಕೂತಿದ್ದಳು. ಒಮ್ಮೆಯೂ ಕೈ ಎತ್ತಲಿಲ್ಲ. ಹುಡುಗಿಗೆ ಈಗ ಎಲ್ಲವೂ ಅರ್ಥವಾಗುತ್ತಿದೆ ಎಂದು ನಾನು ಸಂತೋಷಪಟ್ಟಿದ್ದೆ.