ಎರಡು ಆಷಾಢಗಳ ನಡುವೆ ಒಂದು ಹೆರಿಗೆ

ಗದಗಿನಲ್ಲಿ ಮುಗಿಯುತ್ತ ಬಂದಿದ್ದ ಆಷಾಢ, ಇಲ್ಲಿ ಬೈಂದೂರು ಪಕ್ಕದ ಯಡ್ತರೆಯಲ್ಲಿ ನಿನ್ನೆ ತಾನೇ ಶುರುವಾಗಿತ್ತು! ಗದಗಿನ ಕಡೆಯ ನಾವು ಅಮಾವಾಸ್ಯೆಯಿಂದ ತಿಂಗಳು ಎಣಿಸುವವರು, ಇಲ್ಲಿಯವರು ಸಂಕ್ರಮಣದಿಂದ. ಇವರಿಗದು 'ಆಸಾಡಿ'. ಯಜಮಾನರಿಗೆ ಬೈಂದೂರಿಗೆ ವರ್ಗವಾಗಿ ಮೂರು ವರ್ಷ; ಕುಚ್ಚಲಕ್ಕಿ ಅನ್ನ ರೂಢಿಯಾಗಿದೆ, ನಾನು ರೊಟ್ಟಿ ಬಡಿಯುವ ಸದ್ದು ಪಕ್ಕದ ಮನೆಯವರಿಗೂ ರೂಢಿಯಾಗಿದೆ. ಈ ಲೆಕ್ಕ ಮಾತ್ರ ಗೊತ್ತಿರಲಿಲ್ಲ.

ಮಗಳು ಸವಿತಾ ಚೊಚ್ಚಲ ಹೆರಿಗೆಗೆ ತವರಿಗೆಂದು ಈ ಬಾಡಿಗೆ ಮನೆಗೆ ಬಂದಿದ್ದಳು. ದಿನ ತುಂಬುತ್ತ ಬಂದರೂ ಮಗು ತಿರುಗಲಿಲ್ಲ. ಕುಂದಾಪುರದ ಡಾಕ್ಟರಮ್ಮ ಸ್ಕ್ಯಾನ್ ನೋಡಿ ಹೇಳಿದರು: "ಕಾಲು ಕೆಳಗಿದೆ. ಹಾಗೇ ಹೆರಿಗೆಯಾದರೆ ಮೈ ಬಂದು ತಲೆ ಸಿಕ್ಕಿಕೊಳ್ಳಬಹುದು. ನೀರೊಡೆದರೆ ಹೊಕ್ಕುಳಬಳ್ಳಿ ಮೊದಲು ಜಾರಬಹುದು. ಆಪರೇಶನ್ನಿಗೂ ಅದರದ್ದೇ ಆದ ಅಪಾಯ ಉಂಟು. ಆದರೂ ಇವಳಿಗೆ ಅದೇ ಸುರಕ್ಷಿತ. ಶುಕ್ರವಾರ ಬನ್ನಿ."

ಸವಿತಾಳ ಅತ್ತೆ ಗದಗಿನಿಂದ ಫೋನಿನಲ್ಲೇ ಹೌಹಾರಿದರು. "ಆಷಾಢದಾಗ ಯಾರರ ಹೊಟ್ಟಿ ಕೊಯ್ಸ್ತಾರೇನ್ರಿ? ನಾಗರ ಅಮಾಸಿ ದಾಟ್ಲಿ. ಸೋಮವಾರ ಶ್ರಾವಣ."

ಪಕ್ಕದ ಮನೆಯ ಗಿರಿಜಕ್ಕ ಇದನ್ನು ಕೇಳಿ ನಕ್ಕರು. "ಹ್ವಾಯ್, ಅಮಾಸಿ ಕಳ್ದ್ರೂ ಇಲ್ಲ್ ಆಸಾಡಿಯೇ! ಇನ್ನೂ ಒಂದ್ ತಿಂಗ್ಳ್ ಇತ್ತ್. ಅಷ್ಟ್ ದಿನ ಮಗಿನ ಹೊಟ್ಟಿಯೊಳ್ಗೇ ಕಟ್ಟಿ ಹಾಕ್ತ್ರ್ಯಾ?"

ಅವರ ನಗುವಿನಲ್ಲಿದ್ದ ಬುದ್ಧಿ ನನಗಿರಲಿಲ್ಲ. ಬೀಗರನ್ನು ಎದುರು ಹಾಕಿಕೊಳ್ಳುವುದೇಕೆಂದು ಆಸ್ಪತ್ರೆಗೆ ಫೋನ್ ಮಾಡಿ ಸೋಮವಾರ ಬರುತ್ತೇವೆ ಎಂದುಬಿಟ್ಟೆ. ಡಾಕ್ಟರಮ್ಮ ಬೇಡವೆಂದರು. ಸವಿತಾ ಇಷ್ಟೇ ಅಂದಳು: "ಹೊಟ್ಟಿ ನಂದವ್ವಾ. ನನ್ನ ಒಬ್ರೂ ಕೇಳ್ಲಿಲ್ಲ."

ಭಾನುವಾರ, ಅಮಾವಾಸ್ಯೆಯ ಬೆಳಿಗ್ಗೆಯೇ, ಅವಳು ಎದ್ದು ನಿಂತಲ್ಲೇ ನೀರೊಡೆಯಿತು. ಗಿರಿಜಕ್ಕನ ಗಂಡ ಕಾರು ತೆಗೆದರು. ಬಳ್ಳಿ ಜಾರದಿರಲೆಂದು ಹಿಂದಿನ ಸೀಟಿನಲ್ಲಿ ಅವಳ ಸೊಂಟದಡಿ ದಿಂಬು ಒತ್ತಿ ಹಿಡಿದಿದ್ದೆ. ಕುಂದಾಪುರ ಇಷ್ಟು ದೂರವೆಂದು ಎಂದೂ ಅನ್ನಿಸಿರಲಿಲ್ಲ. ಆಸ್ಪತ್ರೆಯಲ್ಲಿ ನನ್ನನ್ನು ಬೈಯಲೂ ಪುರುಸೊತ್ತಿಲ್ಲದೆ ಅವಳನ್ನು ಆಪರೇಶನ್ನಿಗೆ ಒಳಗೆ ಒಯ್ದರು.

ಹೆಣ್ಣು ಮಗು. ಇಬ್ಬರೂ ಕ್ಷೇಮ. "ಬಳ್ಳಿ ಜಾರಿರಲಿಲ್ಲ. ಅದು ನಿಮ್ಮ ಜಾಣತನವಲ್ಲ" ಎಂದರು ಡಾಕ್ಟರಮ್ಮ. ಸರಿಯಾದ ಮಾತು.

ಬೀಗತಿ ಫೋನಿನಲ್ಲಿ, "ಅಮಾಸಿ ದಿನಾನ ಹಡಿಸಿದ್ರಲ್ರೀ, ನಿಮ್ಮ ಕಡೆ ಮಂದಿಗೆ ಪಂಚಾಂಗ ಇಲ್ಲೇನು?" ಎಂದರು. ಗಂಜಿ ತಂದ ಗಿರಿಜಕ್ಕ, "ನಿಮ್ ಘಟ್ಟದ್ ಮೇಲಿನರದ್ದ್ ಎಂತ ಹಟವೋ ಮಾರಾಯ್ತಿ!" ಎಂದರು. ಇಬ್ಬರಿಗೂ ನಾನು ಆಚೆ ಕಡೆಯವಳು.

ಸವಿತಾ ಕಣ್ಣು ಮುಚ್ಚಿಕೊಂಡೇ ಹೇಳಿದಳು, "ಇನ್ನೊಂದ ಆದ್ರ ನಾ ನನ್ನ ಮನ್ಯಾಗ ಇರ್ತೀನವ್ವಾ."

ಅದು ಗದಗಿನ ಅತ್ತೆಯ ಮನೆಯೂ ಅಲ್ಲ, ನನ್ನ ಈ ಬಾಡಿಗೆ ಮನೆಯೂ ಅಲ್ಲ ಎಂಬುದಷ್ಟೇ ನನಗೆ ತಿಳಿಯಿತು.